ಮೂರು ತಿಂಗಳ ಮಾತು

ಬಾಲರಾಜನಿಗೆ ಮಲಗಲು ಕೊಟ್ಟಿದ್ದು ನೀರಿನ ಟ್ಯಾಂಕರಿನ ಅಡಿಯ ಜಾಗ. ಆ ಮರುಭೂಮಿಯಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನೆರಳು ಅಂತ ಇದ್ದದ್ದು ಅಷ್ಟೇ. ಅದೇ ಟ್ಯಾಂಕರಿನ ನೀರು ಕುರಿಗಳಿಗೆ, ಅದೇ ಅವನಿಗೆ. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಕೈ ಸುಡುವಷ್ಟು ಬಿಸಿ, ತುಕ್ಕಿನ ವಾಸನೆ. ವಾರಕ್ಕೊಮ್ಮೆ ಒಂದು ಪಿಕಪ್ ಬಂದು ಅಕ್ಕಿ, ಈರುಳ್ಳಿ, ಒಣಗಿದ ರೊಟ್ಟಿ ಒಗೆದು ಹೋಗುತ್ತಿತ್ತು. ಒಗೆದು ಅಂದೆ, ಇಳಿಸಿ ಅನ್ನಲಿಲ್ಲ. ಗಾಡಿ ಪೂರ್ತಿ ನಿಲ್ಲುತ್ತಲೂ ಇರಲಿಲ್ಲ.

ಬಿಸಿಲು ಅವನಿಗೆ ಹೊಸದಲ್ಲ. ನ್ಯಾಲ್ಕಲ್ ಕಡೆಯ ಕುರುಬರ ಮನೆಯವನು. ವೈಶಾಖದಲ್ಲಿ ಹಿಂಡಿನ ಹಿಂದೆ ನಾರಾಯಣಖೇಡದವರೆಗೆ ನಡೆದವನು. ಆದರೆ ಇಲ್ಲಿ ನಮ್ಮ ಕಡೆ ಹಾದಿಯಲ್ಲೊಂದು ಬೇವಿನ ಮರ ಇರುತ್ತದೆ. ಯಾರದೋ ಮನೆಯ ಮುದುಕಿ ಕರೆದು ಮಜ್ಜಿಗೆ ಕೊಡುತ್ತಾಳೆ. ಅಲ್ಲಿ ನಾಲ್ಕು ದಿಕ್ಕಿಗೂ ಮರಳು, ನಡುವೆ ತಂತಿಯ ದೊಡ್ಡಿ, ಅದರಲ್ಲಿ ಆರುನೂರು ಕುರಿ, ಇವನೊಬ್ಬ.

ನಾನು ಆನಂದಕುಮಾರ. ಜಹೀರಾಬಾದ್ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ. ಸೌದಿಯ ಈ ಮರಳನ್ನು ನಾನು ಕಂಡಿಲ್ಲ. ಬಾಲರಾಜ ತನ್ನ ಹೆಂಡತಿ ಶಿರೀಷಾಗೆ ಫೋನಿನಲ್ಲಿ ಮಾತಾಡಿ ಕಳಿಸಿದ್ದನ್ನು ಕೇಳಿ ಹೇಳುತ್ತಿದ್ದೇನೆ. ಆದರೆ ಅವನನ್ನು ಅಲ್ಲಿಗೆ ಕಳಿಸಿದ ಕಾಗದಕ್ಕೆ ಫೋಟೋ ಅಂಟಿಸಿದವನು ನಾನೇ. ಸಹಿ ಎಲ್ಲಿ ಮಾಡಬೇಕೆಂದು ಬೆರಳಿಟ್ಟು ತೋರಿಸಿದವನೂ ನಾನೇ.

ಯುಗಾದಿ ಮುಗಿದ ವಾರ ಸೂರ್ಯಕಾಂತ ಸೇಠ್ ಅವನನ್ನು ಅಂಗಡಿಗೆ ಕರೆತಂದಿದ್ದ. ಸೂರ್ಯಕಾಂತ ಜನರನ್ನು ಹೊರದೇಶಕ್ಕೆ ಕಳಿಸುವ ಏಜೆಂಟ. ಮೊದಲು ಸ್ಕೂಟರ್ ಮೇಲೆ ತಿರುಗುತ್ತಿದ್ದ. ಈಗ ಹೈವೇ ಪಕ್ಕದಲ್ಲಿ ಅವನದೊಂದು ಫಂಕ್ಷನ್ ಹಾಲ್ ಇದೆ, ಒಳಗೆ ಗಾಜಿನ ದೀಪಗಳು, ವೇದಿಕೆ ಮೇಲೆ ಮದುಮಕ್ಕಳಿಗೆ ಕೆಂಪು ಸೋಫಾ. ಮಂದಿಯನ್ನು ಕಳಿಸಿ ಕಳಿಸಿ ಕಟ್ಟಿದ ಹಾಲ್ ಅದು.

“ಏನ್ ಕೆಲಸ್ರೀ ಸೇಠ್?” ಬಾಲರಾಜ ಕೇಳಿದ್ದ.

“ಈಗ ಏನ್ ಮಾಡಾಕತ್ತಿ? ಅದೇ. ಕುರಿ ಕಾಯೋದು. ಬೇಸಿಗಿ ಮೂರು ತಿಂಗಳ ಅಷ್ಟೇ. ಬಕ್ರೀದ್ ಆತು, ನಿನ್ನ ಕೆಲಸನೂ ಆತು. ಊರ ನೋಡ್ತಿ, ಮಂದಿ ನೋಡ್ತಿ, ಅವರ ರೀತಿ ರಿವಾಜ್ ತಿಳೀತದ. ರೊಕ್ಕ ಕೊಟ್ಟು ಹೋಗ್ತಾರೋ ಮಂದಿ, ದೇಶ ನೋಡಾಕ.”

“ಶ್ರಾವಣಕ್ಕ ಮುಂಚಿ ಬರಬೇಕ್ರಿ. ಅಪ್ಪಗ ಮೊಣಕಾಲ ಹಿಡದಾವ. ಹಿಂಡಿನ ಹಿಂದ ನಡಿಯಾಕ ಆಗಂಗಿಲ್ಲ. ನಾ ಬರಲಿಲ್ಲಂದ್ರ ಹಿಂಡ ಮಾರಬೇಕಾಗ್ತದ.”

“ಬರ್ತಿ. ನಿನ್ನ ಕರಸೋದು ನನ್ನ ಜಿಮ್ಮಾ.”

ಬಾಲರಾಜ ಹಿಂಡಿನಲ್ಲೇ ಚೆಂದದ ಎರಡು ಟಗರುಗಳನ್ನು ಸೂರ್ಯಕಾಂತನಿಗೆ ಕೊಟ್ಟು ವಿಮಾನ ಹತ್ತಿದ. ಇಳಿದ ಕೂಡಲೇ ಪಾಸ್‌ಪೋರ್ಟ್ ಕಸಿದುಕೊಂಡವನು ಅರಬನಲ್ಲ. ಕುರಿಗಳ ಮಾಲೀಕನ ಮುಖವನ್ನು ಅವನು ಇವತ್ತಿಗೂ ನೋಡಿಲ್ಲ. ಕಸಿದುಕೊಂಡವನು ಮ್ಯಾನೇಜರ್ ಶಿವಾಜಿ, ನಮ್ಮ ತಾಂಡೂರಿನವನು, ಸೂರ್ಯಕಾಂತನ ಹೆಂಡತಿಯ ತಮ್ಮ. ನಮ್ಮ ಮಾತೇ ಆಡುವವನು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದು.

ಮೊದಲ ತಿಂಗಳ ಮಾತುಗಳಲ್ಲಿ ಬಾಲರಾಜ ಕಷ್ಟ ಹೇಳುತ್ತಿರಲಿಲ್ಲ. ಶಿರೀಷಾ ಜಹೀರಾಬಾದಿಗೆ ಬಂದಾಗ ಫೋನಿಗೆ ರೀಚಾರ್ಜ್ ಹಾಕಿಸಿಕೊಂಡು ನನ್ನ ಅಂಗಡಿಯ ಕಟ್ಟೆ ಮೇಲೆ ಕೂತು ಕೇಳುತ್ತಿದ್ದಳು. ನನಗೂ ಕೇಳಿಸುತ್ತಿತ್ತು.

“ಶಿರೀಷಾ, ಇಲ್ಲಿ ಹತ್ತಿರದಾಗ ಒಬ್ಬ ಮುದುಕ ಅದಾನ. ಅಬು ಸಾಲೇಂ ಅಂತ. ಅವನೂ ಕುರಿಯವನೇ. ಸ್ವಲ್ಪ ಹಿಂದಿ ಬರ್ತದ ಅವಗ. ಅವರ ಹೆಣ್ಮಕ್ಕಳು ನಮ್ಮ ಅವ್ವನಂಗೇ ನೆಲದ ಮ್ಯಾಲ ಮಗ್ಗ ಹಾಕಿ ನೇಯ್ತಾರ. ಡೇರೆ ಪೂರಾ ಆಡಿನ ಕೂದಲಂದು. ಮುಟ್ಟಿ ನೋಡ್ದೆ, ನಮ್ಮ ಕಂಬಳಿ ಮುಟ್ಟಿದಂಗೇ ಆತು. ಕಾಫಿ ಕೊಟ್ರು, ಸಣ್ಣ ಬಟ್ಟಲ. ಸಾಕು ಅಂತ ಬಾಯಿಲೆ ಅಂದ್ರ ನಡಿಯಂಗಿಲ್ಲ, ಬಟ್ಟಲ ಅಲಗಾಡಸಬೇಕಂತ. ನನಗೇನ್ ಗೊತ್ತು? ಆರು ಬಟ್ಟಲ ಕುಡದೆ. ಮುದುಕ ಹೊಟ್ಟಿ ಹಿಡಕೊಂಡು ನಕ್ಕ.”

ಶಿರೀಷಾ ಕೂಡ ನಕ್ಕಳು. ಹೀಗೇ ಎರಡು ತಿಂಗಳು ಹೋದವು.

ಬಕ್ರೀದಿಗೆ ಹನ್ನೆರಡು ದಿನ ಇತ್ತು. ಕುರಿಗಳಿಗೆ ಜ್ವರ ಬಂತು. ಮೂಗು ಸೋರಿ, ತಲೆ ತಗ್ಗಿಸಿ, ಒಂದೊಂದಾಗಿ ಬೀಳತೊಡಗಿದವು. ಬಾಲರಾಜ ಶಿವಾಜಿಗೆ ಫೋನ್ ಮಾಡಿದ. ಡಾಕ್ಟರನ್ನು ಕಳಿಸಿರಿ ಅಂದ. “ನೀರ ಕುಡಸು,” ಅಂದ ಶಿವಾಜಿ. ಮರುದಿನ ಹನ್ನೊಂದು ಸತ್ತವು. ಮತ್ತೆ ಫೋನ್ ಮಾಡಿದ. ಶಿವಾಜಿ ಎತ್ತಲಿಲ್ಲ.

ನಮ್ಮ ಕಡೆಯ ಕುರುಬರಲ್ಲಿ ಒಂದು ಹಳೇ ಪದ್ಧತಿ ಇದೆ. ಜ್ವರ ತಲೆಗೇರಿದ ಕುರಿಯ ಕಿವಿಯ ಅಂಚು ಕೊಯ್ದು ನೆತ್ತರು ಬಿಡುತ್ತಾರೆ. ಡಾಕ್ಟರು ಅದನ್ನು ಒಪ್ಪುತ್ತಾರೋ ಇಲ್ಲವೋ ನನಗೆ ತಿಳಿಯದು. ಬಾಲರಾಜನ ಅಪ್ಪ ಮಾಳಿಂಗಪ್ಪ ಜೀವಮಾನವಿಡೀ ಅದನ್ನೇ ಮಾಡಿದವನು, ಮಗನಿಗೆ ಕಲಿಸಿದವನು. ಬಾಲರಾಜ ಬ್ಲೇಡ್ ತೆಗೆದುಕೊಂಡ. ಒಂದೇ ಮಧ್ಯಾಹ್ನ ಮೂವತ್ತು ಕುರಿಗಳ ಕಿವಿ ಕೊಯ್ದ. ಎರಡು ಸತ್ತವು. ಇಪ್ಪತ್ತೆಂಟು ಎದ್ದು ನಿಂತು ಮೇವಿಗೆ ಬಾಯಿ ಹಾಕಿದವು.

ಆದರೆ ಕುರ್ಬಾನಿಗೆ, ಅಂದರೆ ಬಕ್ರೀದಿನ ಬಲಿಗೆ, ಅಂಗ ಊನವಾದ ಕುರಿ ನಡೆಯುವುದಿಲ್ಲ. ಇದು ಬಾಲರಾಜನಿಗೆ ಗೊತ್ತಿರಲಿಲ್ಲ ಅಂತ ತಿಳಿಯಬೇಡಿ. ಪ್ರತಿ ವರ್ಷ ಜಹೀರಾಬಾದಿನ ಸಂತೆಯಲ್ಲಿ ಬಕ್ರೀದಿಗೆ ಟಗರು ಮಾರಿದವನು. ಕೊಳ್ಳುವವರು ಹಲ್ಲು ನೋಡಿ, ಕಾಲು ನೋಡಿ, ಕಿವಿ ಬಿಡಿಸಿ ನೋಡುವುದನ್ನು ಚಿಕ್ಕಂದಿನಿಂದ ಕಂಡವನು.

“ಗೊತ್ತಿತ್ತು ಶಿರೀಷಾ,” ಅಂತ ಅವನ ದನಿ ಹೇಳಿತು. “ಕೊಯ್ದ ಕಿವೀದು ಹಬ್ಬಕ್ಕ ಆಗಂಗಿಲ್ಲಂತ ಗೊತ್ತಿತ್ತು. ಸತ್ತದ್ದು ಆಗ್ತದೇನು? ಕಣ್ಣಮುಂದ ಬಿದ್ದು ಒದ್ದಾಡಾಕತ್ತಿದ್ರ, ಕೈಯಾಗ ಬ್ಲೇಡ್ ಇಟ್ಟಕೊಂಡು ಹೆಂಗ ಕೂಡಬೇಕು ನಾ?”

ಹಬ್ಬಕ್ಕೆ ಕುರಿ ಒಯ್ಯಲು ಲಾರಿ ತಂದ ಶಿವಾಜಿ ಕಿವಿಗಳನ್ನು ನೋಡಿದ. ಬಾಲರಾಜನ ಕಪಾಳಕ್ಕೆ ಹೊಡೆದ. ಹನ್ನೊಂದು ಕುರಿ ಸತ್ತರೂ ಡಾಕ್ಟರನ್ನು ಕಳಿಸದವನು, ಇಪ್ಪತ್ತೆಂಟನ್ನು ಬದುಕಿಸಿದವನಿಗೆ ಹೊಡೆದ. ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ.

“ಹಬ್ಬದ ಮಾಲ್ ಹಾಳ ಮಾಡಿದಿ. ಇನ್ನ ಎರಡು ವರ್ಷ ಇಲ್ಲೇ ಬಿದ್ದಿರು,” ಅಂದ.

“ಮೂರು ತಿಂಗಳ ಮಾತ್ರೀ.”

“ಯಾರ ಮಾತು? ಕಾಗದ ನೋಡಕೋ ಹೋಗು.”

ಬಾಲರಾಜ ಅಲ್ಲಿಂದ ನಡೆದು ಅಬು ಸಾಲೇಂನ ಡೇರೆಗೆ ಹೋದ. ಅವರಲ್ಲಿ ಒಂದು ರಿವಾಜು. ಡೇರೆಗೆ ಬಂದವನನ್ನು ಮೂರು ದಿನ ಯಾಕೆ ಬಂದೆ ಅಂತ ಕೇಳುವಂತಿಲ್ಲ. ಮುದುಕ ಕೇಳಲಿಲ್ಲ. ಉಣ್ಣಲು ಕೊಟ್ಟ, ಹಾಸಲು ಕೊಟ್ಟ. ಕಪಾಳದ ಊತಕ್ಕೆ ಮುದುಕನ ಹೆಂಡತಿ ಏನೋ ಅರೆದು ಕಳಿಸಿದಳು. ನಾಲ್ಕನೇ ದಿನ ಶಿವಾಜಿ ಕಾಗದ ಹಿಡಿದು ಬಂದ. ಮುದುಕ ಕನ್ನಡಕ ಹಾಕಿಕೊಂಡು ಅರಬಿಯಲ್ಲಿದ್ದದ್ದನ್ನು ಎರಡು ಸಲ ಓದಿದ. ಆಮೇಲೆ ತಲೆ ತಗ್ಗಿಸಿದ. ಶಿವಾಜಿ ಬಾಲರಾಜನನ್ನು ಮತ್ತೆ ದೊಡ್ಡಿಗೆ ಕರೆದೊಯ್ದ.

“ಎರಡು ವರ್ಷ ಅಂತ ಬರದಾರಂತ ಶಿರೀಷಾ,” ಬಾಲರಾಜನ ದನಿ ಸಣ್ಣಗಾಗಿತ್ತು. “ಮಗನ, ಇದು ನಿನ್ನ ಸಹಿ ಅದ, ನಾ ಏನ್ ಮಾಡ್ಲಿ ಅಂದ ಮುದುಕ. ಅವನ ಕಣ್ಣಾಗ ನೀರಿತ್ತು. ಕಾಗದದ ಎಡಗಡೆ ಇಂಗ್ಲೀಷ್‌ದಾಗೂ ಅದೇ ಇರಬೇಕು. ಆ ಝೆರಾಕ್ಸ್ ಅಂಗಡಿ ಅಣ್ಣಗ ಕೇಳು. ಅವರು ಓದಿದ್ರೇನೋ.”

ಶಿರೀಷಾ ನ್ಯಾಲ್ಕಲ್‌ನಿಂದ ಮೊದಲ ಜೀಪಿಗೇ ಬಂದಳು. ಫೋನಿನಲ್ಲಿ ಈ ದನಿಯನ್ನು ನನಗೆ ಕೇಳಿಸಿದಳು.

“ಓದಿದ್ರೇನ್ರಿ ಅಣ್ಣಾ?”

ನಾನು ಓದಿದ್ದೆ. ಕಾಪಿ ತೆಗೆಯುವಾಗ ಕಣ್ಣಿಗೆ ಬಿದ್ದಿತ್ತು. ಎರಡು ವರ್ಷ ಅಂತ ಸ್ಪಷ್ಟವಾಗಿ ಇತ್ತು. ತಲೆ ಎತ್ತಿದಾಗ ಸೂರ್ಯಕಾಂತ ನನ್ನನ್ನೇ ನೋಡುತ್ತಿದ್ದ. ದಿನಕ್ಕೆ ಹತ್ತು ಮಂದಿಯ ಕಾಗದ ಅವನೇ ನನ್ನ ಅಂಗಡಿಗೆ ತರುತ್ತಾನೆ. ಅವನು ಬಿಟ್ಟರೆ ನನ್ನ ಮಷೀನಿಗೆ ಕೆಲಸ ಇಲ್ಲ. ನಾನು ಬಟನ್ ಒತ್ತಿದ್ದೆ.

“ಓದಿದ್ದೆ ತಂಗಿ,” ಅಂದೆ.

ಅವಳು ಅಳಲಿಲ್ಲ, ಬೈಯಲಿಲ್ಲ.

“ಓದಿ ಹೇಳಾಕ ಬ್ಯಾರೆ ರೇಟ್ ಅದೇನ್ರಿ ನಿಮ್ಮ ಅಂಗಡ್ಯಾಗ? ಮೊದಲೇ ಹೇಳಿದ್ರ ಕೊಡ್ತಿದ್ವಿ,” ಅಂದಳು.

ಅವಳು ಚಪ್ಪಲಿಯಲ್ಲಿ ಹೊಡೆದಿದ್ದರೆ ಸಹಿಸುತ್ತಿದ್ದೆ.

ಅವಳೂ ಮಾಳಿಂಗಪ್ಪನೂ ಸೂರ್ಯಕಾಂತನ ಬಳಿ ಎರಡು ಸಲ ಹೋದರು. ಮೊದಲ ಸಲ ಅವನು ಚಹಾ ತರಿಸಿದ. ಎರಡನೇ ಸಲ ಬಾಗಿಲಲ್ಲೇ ನಿಲ್ಲಿಸಿದ. “ಸಹಿ ಮಾಡ್ಯಾನ, ಎರಡು ವರ್ಷ ದುಡದು ಬರ್ತಾನ. ಅಲ್ಲಿತನ ಹಿಂಡ ಸಾಕಾಗಂಗಿಲ್ಲಂದ್ರ ಮಾರ್ರಿ. ಗಿರಾಕಿ ನಾನೇ ತರ್ತೀನಿ,” ಅಂದ. ಠಾಣೆಗೆ ಹೋದರೆ ಅಲ್ಲಿಯೂ ಕಾಗದದ ಮಾತೇ. ಮಾಳಿಂಗಪ್ಪ ಊರುಗೋಲು ಊರಿಕೊಂಡು ಸುಮ್ಮನೆ ಹಿಂತಿರುಗಿದ. ಕೆಲಸ ಕೆಟ್ಟಿತು ಅಂತ ನಾನು ತಿಳಿದೆ. ಹಾಗೆ ತಿಳಿದವರು ನನ್ನಂಥ ಓದಿದವರು, ಅವರಲ್ಲ.

ಮುಂದಿನ ಗುರುವಾರ ಬೆಳಿಗ್ಗೆ ಹೈವೇ ಮೇಲೆ ಗಾಡಿಗಳು ಸಾಲಾಗಿ ನಿಂತವು. ಯಾವುದೋ ಟ್ರ್ಯಾಕ್ಟರ್ ಕೆಟ್ಟಿರಬೇಕು ಅಂದುಕೊಂಡು ಹೊರಗೆ ಬಂದೆ. ಕುರಿಗಳು ಬರುತ್ತಿದ್ದವು. ಇನ್ನೂರಕ್ಕೂ ಹೆಚ್ಚು. ಮುಂದೆ ಶಿರೀಷಾ, ಸೀರೆ ಮೇಲಕ್ಕೆ ಕಟ್ಟಿ. ಹಿಂದೆ ಅವರ ಓಣಿಯ ಗಂಡಸರು, ಹೆಂಗಸರು. ಕಲ್ಹೇರ್‌ನ ಮೈಸಮ್ಮ ಅಂತ ಒಬ್ಬಳಿದ್ದಳು. ಅವಳ ಗಂಡನನ್ನೂ ಸೂರ್ಯಕಾಂತನೇ ಹೋದ ವರ್ಷ ಕಳಿಸಿದ್ದ. ಅಂಥದೇ ಇನ್ನೂ ಮೂರು ಮನೆಯ ಹೆಂಗಸರು ಜೊತೆಗಿದ್ದರು.

ನಾನು ಅಂಗಡಿಯ ಶಟರ್ ಎಳೆದು ಅವರ ಹಿಂದೆ ಹೋದೆ.

ಅವರು ನಿಂತದ್ದು ಸೂರ್ಯಕಾಂತನ ಫಂಕ್ಷನ್ ಹಾಲಿನ ಮುಂದೆ. ಮರುದಿನ ಅಲ್ಲಿ ಮದುವೆ ಇತ್ತು. ಹೂವಿನವರು ಏಣಿ ಹಾಕಿ ಕಮಾನು ಕಟ್ಟುತ್ತಿದ್ದರು. ಗೇಟು ತೆರೆದೇ ಇತ್ತು. ಕುರಿಗಳು ಒಳಗೆ ಹೋದವು. ಕೆಂಪು ಹಾಸಿನ ಮೇಲೆ, ಗಾಜಿನ ದೀಪಗಳ ಕೆಳಗೆ, ಕುರ್ಚಿಗಳ ನಡುವೆ ಒತ್ತೊತ್ತಾಗಿ ಕೂತವು. ಚೆಂಡುಹೂವಿನ ಬುಟ್ಟಿ ಐದೇ ನಿಮಿಷದಲ್ಲಿ ಖಾಲಿ. ಜೀಪಿನಲ್ಲಿ ಬಂದಿದ್ದ ಮಾಳಿಂಗಪ್ಪ ಊರುಗೋಲು ಊರಿ ವೇದಿಕೆ ಹತ್ತಿ ಮದುಮಕ್ಕಳ ಸೋಫಾದ ಮೇಲೆ ಕಾಲು ಚಾಚಿ ಕೂತ.

ಸೂರ್ಯಕಾಂತ ಕಾರಿನಲ್ಲಿ ಧಾವಿಸಿ ಬಂದ.

“ಏನ್ ಹಚ್ಚೀರಿ ಇದು? ಎಬ್ಬಸ್ರಿ ಕುರಿ. ನಾಳಿ ಲಗ್ನ ಅದ ಇಲ್ಲಿ.”

“ಹೊಲದಾಗ ಗೊಬ್ಬರಕ್ಕ ಕರದ್ರ ಹಿಂಡ ಒಯ್ದು ಕೂಡಸ್ತೀವ್ರಿ ನಾವು,” ಮಾಳಿಂಗಪ್ಪ ನಿಧಾನಕ್ಕೆ ಹೇಳಿದ. “ನೀವು ಹಿಂಡಿಗಿ ಗಿರಾಕಿ ತರ್ತೀನಿ ಅಂದ್ರಲ್ಲ. ಅದಕ್ಕ ತಂದೀವಿ. ಗಿರಾಕಿ ಬರೋತನಕ ಕೂಡ್ತಾವ.”

“ಪೊಲೀಸರಿಗಿ ಕರಸ್ತೀನಿ.”

“ಕರಸ್ರಿ. ಇನ್ನೂರ ಕುರಿ ಅವರು ಹೊಡಕೊಂಡು ಹೋಗ್ಲಿ. ನೋಡೂಣು.”

ಪೊಲೀಸರು ಬಂದರು. ಇಬ್ಬರು ಕಾನ್‌ಸ್ಟೆಬಲ್‌ಗಳು ಲಾಠಿ ತೋರಿಸಿ ಹುರ್ ಅಂದರು. ಕುರಿಗಳು ಮೆಲುಕು ಹಾಕುತ್ತಾ ಅವರನ್ನು ನೋಡಿದವು. ಒಬ್ಬ ಕಾನ್‌ಸ್ಟೆಬಲ್ ಕುರುಬರವನೇ ಇರಬೇಕು, ಮುಖ ಆಚೆ ತಿರುಗಿಸಿ ನಕ್ಕ.

“ಅವ ಸಹಿ ಮಾಡ್ಯಾನ,” ಸೂರ್ಯಕಾಂತ ಕೂಗಿದ. “ಮೂರು ತಿಂಗಳ ಅಂತ ನಾ ಯಾವಾಗ ಹೇಳಿದ್ದೆ? ಯಾರ್ ಕೇಳ್ಯಾರ?”

ನನ್ನ ಬಾಡಿಗೆ, ನನ್ನ ಮಷೀನಿನ ಕಂತು, ಎಲ್ಲ ಕಣ್ಣ ಮುಂದೆ ಬಂತು. ಶಿರೀಷಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವಳು ನನ್ನನ್ನು ಲೆಕ್ಕದಿಂದ ಬಿಟ್ಟಿದ್ದಳು. ಅದನ್ನು ನನಗೆ ತಡೆಯಲಾಗಲಿಲ್ಲ.

“ನಾ ಕೇಳೀನಿ,” ಅಂದೆ. “ನನ್ನ ಅಂಗಡ್ಯಾಗ ನಿಂತು ಹೇಳಿದಿ. ಕಾಗದದಾಗ ಎರಡು ವರ್ಷ ಇತ್ತು, ಬಾಯಾಗ ಮೂರು ತಿಂಗಳ ಇತ್ತು. ನಾ ಓದಿ ಸುಮ್ಮಿದ್ದೆ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ. ಈ ಐದು ಮನಿಯವರ ಕಾಗದನೂ ನಾನೇ ಕಾಪಿ ಮಾಡೀನಿ. ಎಲ್ಲದರಾಗೂ ಇದೇ.”

ಕಾನ್‌ಸ್ಟೆಬಲ್ ಜೇಬಿನಿಂದ ಪುಸ್ತಕ ತೆಗೆದು ನನ್ನ ಹೆಸರು ಕೇಳಿದ. ಮದುವೆಯ ಮನೆಯವರು ಗೇಟಿನಲ್ಲಿ ಬಂದು ನಿಂತಿದ್ದರು. ಹೆಣ್ಣಿನ ಅಪ್ಪ ಸೂರ್ಯಕಾಂತನ ಕಡೆ ನೋಡುತ್ತಿದ್ದ.

ಸೂರ್ಯಕಾಂತ ದೊಡ್ಡಿಯಲ್ಲಿದ್ದ ಶಿವಾಜಿಗೆ ಫೋನ್ ಹಚ್ಚಿದ. ಬಾಲರಾಜನ ಕೈಗೆ ಕೊಡು ಅಂದ. ದನಿ ದೊಡ್ಡದು ಮಾಡಿ ಹಿಡಿದ.

“ಬಾಲರಾಜ, ನಾ ಸೂರ್ಯಕಾಂತ. ನಿಮ್ಮ ಮಂದಿ ಇಲ್ಲಿ ಕುರಿ ತಂದು ತಮಾಷಾ ಮಾಡಾಕತ್ಯಾರ. ನಿನ್ನ ಹಿಂಡ ಅದು. ಎಬ್ಬಸ್ರಿ ಅಂತ ಹೇಳು. ಆಮ್ಯಾಲ ನಿನ್ನ ಮಾತ ನೋಡೂಣು.”

ಆ ಕಡೆ ಗಾಳಿಯ ಸದ್ದು ಕೇಳಿಸಿತು.

“ಅಪ್ಪಾ,” ಅಂದ ಬಾಲರಾಜ. “ಎಲ್ಲಾ ಕುರಿ ಬಂದಾವೇನು?”

“ಎಲ್ಲಾ ಬಂದಾವ ಮಗಾ. ಮರಿನೂ.”

ದನಿ ಕೇಳಿ ಹತ್ತಿರದ ಎರಡು ಕುರಿಗಳು ತಲೆ ಎತ್ತಿದವು.

“ಸೊಪ್ಪ ತರಿಸಿ ಹಾಕ್ರಿ,” ಅಂದ ಬಾಲರಾಜ. “ನಾ ಬಂದು ಎಬ್ಬಸ್ತೀನಿ.”

ಸೂರ್ಯಕಾಂತ ಫೋನನ್ನು ಕಿವಿಗೆ ಒತ್ತಿಕೊಂಡ. ಗೋಡೆ ಕಡೆ ತಿರುಗಿ, ತನ್ನ ಹೆಂಡತಿಯ ತಮ್ಮನಿಗೆ ಪಾಸ್‌ಪೋರ್ಟಿನ ಮಾತು, ಟಿಕೀಟಿನ ಮಾತು ಮೆಲ್ಲಗೆ ಶುರು ಮಾಡಿದ. ಮೈಸಮ್ಮ ಕುರಿಗಳನ್ನು ದಾಟಿಕೊಂಡು ಹೋಗಿ ಅವನ ಎದುರು ನಿಂತಳು. ಉಳಿದ ಮೂವರೂ ಅವಳ ಪಕ್ಕಕ್ಕೆ ಬಂದರು.

“ನಮ್ಮ ಮನಿಯವರದೂ ಹೇಳ್ರಿ ಸೇಠ್,” ಅಂದಳು ಅವಳು. “ಜೋರಾಗಿ ಹೇಳ್ರಿ. ನಮಗ ಕೇಳಸಬೇಕು.”