ಮಗನ ಹೆಸರಿಗೆ ಎತ್ತಿಟ್ಟ ರೆಕಾರ್ಡು

ಮಗ ತೀರಿಕೊಂಡ ಮೇಲೂ ಅವನ ಫೋನನ್ನು ಆರಿಸಿಡಲು ತಾಯಿಗೆ ಮನಸ್ಸು ಬರಲಿಲ್ಲ. ಹೊಲಿಗೆ ಮೆಷಿನ್ನಿನ ಪಕ್ಕ, ದಾರದುಂಡೆಗಳ ಡಬ್ಬಿಗೆ ಒರಗಿಸಿ ಇಟ್ಟುಕೊಂಡಿದ್ದಳು. ಮೊದಮೊದಲು ಯಾರ್ಯಾರೋ ಫೋನು ಮಾಡುತ್ತಿದ್ದರು. ಸುದ್ದಿ ಎಲ್ಲರಿಗೂ ಮುಟ್ಟಿದ ಮೇಲೆ ಅದೂ ನಿಂತುಹೋಯಿತು. ಹಾಗಾಗಿ ಒಂದು ಶುಕ್ರವಾರ ಬೆಳಿಗ್ಗೆ, ಯಾರದೋ ಮನೆಯ ಕಿಟಕಿ ಪರದೆಗೆ ಅಂಚು ಮಡಿಸುತ್ತಿದ್ದಾಗ ಅದು ಗುರ್ರೆಂದು ಅಲುಗಾಡಿದ್ದೇ ತಡ, ಅವಳು ಪರದೆಯನ್ನು ಕೈಬಿಟ್ಟು ಅದನ್ನೆತ್ತಿ ಕಿವಿಗಿಟ್ಟುಕೊಂಡಳು.

"ಏನಪ್ಪಾ ಡ್ರಮ್ಮರು, ಪತ್ತೇನೇ ಇಲ್ಲ! ಸ್ಯಾಕ್ಸೋಫೋನು, ಸಿಂಥಸೈಜರು ಇಬ್ಬರೇ ಬಾರಿಸಿರೋದು ಅಂತ ಹೇಳಿದ್ದೆನಲ್ಲ, ಆ ರೆಕಾರ್ಡು ಬಂದಿದೆ. ನಿನ್ನ ಹೆಸರಿಗೆ ಎತ್ತಿಟ್ಟಿದೀನಿ. ಬೇಗ ಬಾ, ಇಲ್ಲಾಂದ್ರೆ ನಾನೇ ಇಟ್ಕೊಂಡುಬಿಡ್ತೀನಿ ನೋಡು."

ಮಾತು ಕೇಳಿದೊಡನೆ ಅವಳಿಗೆ ಗುರುತು ಹತ್ತಿತು. ಮಗ 'ಗಡ್ಡಪ್ಪ, ಗಡ್ಡಪ್ಪ' ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದನಲ್ಲ, ಆ ರೆಕಾರ್ಡು ಅಂಗಡಿಯವನು ಇವನೇ. ಪ್ರತಿ ಶುಕ್ರವಾರ ಹೊಸ ಸಂಗೀತ ಬರುವ ದಿನವೆಂದು ಮಗ ಸಂಜೆಯಾದರೆ ಆ ಅಂಗಡಿಗೆ ಓಡುತ್ತಿದ್ದ. ಅದು ಊರಿನ ಇನ್ನೊಂದು ತುದಿಯಲ್ಲಿತ್ತು. ಸುದ್ದಿ ಅಲ್ಲಿಯವರೆಗೆ ಹೋಗಿರಲಿಲ್ಲ.

"ನಾನು ಅವನ ತಾಯಿ," ಎಂದಳು. ಇಂಥದ್ದನ್ನೆಲ್ಲ ಫೋನಿನಲ್ಲಿ ಹೇಳಬಾರದು ಅನ್ನಿಸಿತು. "ನಾನೇ ಬರ್ತೀನಿ," ಎಂದಳು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಮನಸ್ಸಿನಲ್ಲೇ ಹೊಲಿದು ಬಿಚ್ಚಿ, ಹೊಲಿದು ಬಿಚ್ಚಿ ಮಾಡಿಕೊಂಡು ಹೋದಳು. ಚಪ್ಪಲಿ ಅಂಗಡಿಯ ಮಗ್ಗುಲಲ್ಲಿ ಕಡಿದಾದ ಮೆಟ್ಟಿಲು. ಮೇಲೆ ಒಂದು ಉದ್ದನೆಯ ಕೋಣೆ, ಗೋಡೆಗೋಡೆಗೂ ರೆಕಾರ್ಡುಗಳ ಸಾಲು. ಗಡ್ಡಪ್ಪನ ಗಡ್ಡ ಹೆಸರಿಗೆ ತಕ್ಕ ಹಾಗೆ ಎದೆಯವರೆಗಿತ್ತು. ಅವಳನ್ನು ಕಂಡವನೇ ಎದ್ದು, ಸ್ಟೂಲಿನ ಧೂಳು ಒರೆಸಿ, "ಬನ್ನಿ ಅಮ್ಮ, ಕೂತ್ಕೊಳ್ಳಿ. ಎಲ್ಲಿ ನಿಮ್ಮ ಮಗರಾಯ? ಹುಷಾರಾಗಿದಾನೆ ತಾನೇ?" ಎಂದ.

ಮಗ ಹೇಗಿದ್ದಾನೆಂದು ಅವಳನ್ನು ಯಾರಾದರೂ ಕೇಳಿ ಎಷ್ಟೋ ಕಾಲವಾಗಿತ್ತು. ಬೀದಿಯಲ್ಲಿ ಜನ ಅವಳನ್ನು ಕಂಡರೆ ದನಿ ತಗ್ಗಿಸುತ್ತಿದ್ದರು. ನಾದಿನಿಯರು ಅವನ ಹೆಸರು ಬಂದರೆ ಮಾತನ್ನೇ ತಿರುಗಿಸುತ್ತಿದ್ದರು. ಇಲ್ಲೊಬ್ಬ ಗಂಡಸು ನಗುನಗುತ್ತ, ಅವನು ಇನ್ನೇನು ಮೆಟ್ಟಿಲು ಹತ್ತಿ ಬಂದುಬಿಡುತ್ತಾನೇನೋ ಎಂಬಂತೆ ಬಾಗಿಲ ಕಡೆ ನೋಡುತ್ತಿದ್ದ.

"ಸ್ವಲ್ಪ ಮೈ ಹುಷಾರಿಲ್ಲ," ಎಂದಳು. ಅಷ್ಟೇ. ಬಾಯಿ ತನ್ನಷ್ಟಕ್ಕೆ ತಾನೇ ಆಡಿಬಿಟ್ಟಿತ್ತು.

"ಅಯ್ಯೋ, ಹೌದಾ? ಹಾಗಾದ್ರೆ ಇದನ್ನ ಕೇಳ್ತಾ ಮಲಗಿರ್ಲಿ. ಹೇಗನಿಸ್ತು ಅಂತ ಕೇಳ್ಕೊಂಡು ಬನ್ನಿ ಅಮ್ಮ. ಅವನು ಹೇಳೋ ತನಕ ನನಗೆ ಯಾವ ರೆಕಾರ್ಡೂ ಪೂರ್ತಿ ಕೇಳಿದ ಹಾಗೆ ಆಗಲ್ಲ."

ಹಾಗೆಂದ ಮೇಲೆ ಕೇಳದೆ ಗತಿಯಿಲ್ಲ. ಮರುದಿನ ಮಗನ ಕೋಣೆಗೆ ಹೋದಳು. ಮೂಲೆಯಲ್ಲಿ ಹೊದಿಕೆ ಹೊದ್ದ ಡ್ರಮ್ಮುಗಳು. ಅದರ ಪಕ್ಕದ ಪ್ಲೇಯರಿನ ಮೇಲೆ ರೆಕಾರ್ಡು ಇಟ್ಟು, ಅವನು ಇಡುತ್ತಿದ್ದ ಹಾಗೆ ಮುಳ್ಳನ್ನು ಮೆಲ್ಲಗೆ ಇಳಿಸಿದಳು. ಮೊದಲು ಗಾಳಿ ಬೀಸಿದಂತೆ ಒಂದು ಗುಂಯ್ ಸದ್ದು. ಆಮೇಲೆ ಯಾರೋ ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡು ಕಿರುಚಿದ ಹಾಗೆ ಸ್ಯಾಕ್ಸೋಫೋನು.

"ಏನೇ ಅದು, ಕುಕ್ಕರನ್ನ ಒಲೆ ಮೇಲೇ ಮರೆತುಬಿಟ್ಯಾ?" ಎಂದು ಹಜಾರದಿಂದ ಗಂಡ ಕೂಗಿದ.

ಗಂಡನದು ಲಿಫ್ಟು ರಿಪೇರಿ ಕೆಲಸ. ದಿನವಿಡೀ ದೊಡ್ಡ ಕಟ್ಟಡಗಳ ಹೊಟ್ಟೆಯೊಳಗೆ ನೇತಾಡಿಕೊಂಡಿದ್ದು ಮನೆಗೆ ಬಂದು ಗೋಡೆ ನೋಡುತ್ತ ಕೂರುತ್ತಿದ್ದ. ಮಗನ ಕೋಣೆಯ ಮುಂದೆ ಹಾಯುವಾಗ ಮುಖ ಆಚೆಗೆ ತಿರುಗಿಸುತ್ತಿದ್ದ. ಅವಳು ಹಳೆಯ ರೆಕಾರ್ಡುಗಳನ್ನೇ ಹಾಕಿಕೊಂಡು ಕೂತಿದ್ದಾಳೆಂದು ಅವನೆಣಿಕೆ. ಅವಳೂ ಬಾಯಿಬಿಡಲಿಲ್ಲ.

ಮುಂದಿನ ಶುಕ್ರವಾರ ಗಡ್ಡಪ್ಪನಿಗೆ ವರದಿ ಒಪ್ಪಿಸಿದಳು. "ಮೊದಲ್ನೇ ಮಗ್ಗುಲು ಚೆನ್ನಾಗಿದೆಯಂತೆ. ಎರಡನೇದ್ರಲ್ಲಿ ಊದೋನು ಜೊತೇಲಿರೋನ ಮಾತೇ ಕೇಳಿಸ್ಕೊಳ್ಳಲ್ವಂತೆ. ತಾನೇ ತಾನಾಗಿ ಓಡ್ತಾನಂತೆ."

ಗಡ್ಡಪ್ಪ ತೊಡೆ ತಟ್ಟಿಕೊಂಡು ನಕ್ಕ. "ಅದೇ ಅಮ್ಮ, ಅದೇ! ನನಗೂ ಹಾಗೇ ಅನಿಸಿತ್ತು, ಹೇಳಕ್ಕೆ ಬರ್ತಿರಲಿಲ್ಲ." ಇನ್ನೊಂದು ಹೊಸ ರೆಕಾರ್ಡು ಕೈಗಿಟ್ಟ.

ಹೀಗೆ ಶುರುವಾಗಿದ್ದು ನಿಲ್ಲಲಿಲ್ಲ. ಒಂದು ವಾರ ಆಳೆತ್ತರದ ಪಿಟೀಲಿನಂಥ ಡಬಲ್ ಬೇಸ್ ಒಂದನ್ನೇ ಹಿಡಿದು ಹಾಳುಬಿದ್ದ ಗೋದಾಮಿನಲ್ಲಿ ಕೂತು ಬಾರಿಸಿದವನ ರೆಕಾರ್ಡು. ಇನ್ನೊಂದು ವಾರ ಫ್ರಿಜ್ಜಿನ ಗೊಣಗು, ಪೈಪಿನಲ್ಲಿ ನೀರು ಹರಿಯುವ ಸದ್ದು ಇಂಥವನ್ನೇ ಹೆಕ್ಕಿ ಕಂಪ್ಯೂಟರಿನಲ್ಲಿ ಹೆಣೆದ ಹುಡುಗಿಯೊಬ್ಬಳದು. ಮೊದಮೊದಲು ತಲೆಬುಡ ತಿಳಿಯದೆ ಕೂತಿರುತ್ತಿದ್ದಳು. ಬರಬರುತ್ತ, ಯಾವ ಸದ್ದು ಯಾವುದಕ್ಕೆ ಕಾಯುತ್ತದೆ, ಎಲ್ಲಿ ಎಳೆ ಬಿಟ್ಟುಹೋಗುತ್ತದೆ ಎಂದು ಕಿವಿಗೆ ಹತ್ತಿತು. ಕೆಲವಂತೂ ಹಿಡಿಸಿಯೂಬಿಟ್ಟವು. ಆದರೆ ಅಂಗಡಿಗೆ ಹೋದಾಗ ಎಲ್ಲವೂ 'ಅಂತೆ'. ಅವನಿಗೆ ಹಿಡಿಸಿತಂತೆ, ಅವನಿಗೆ ಬೇಸರವಾಯಿತಂತೆ.

ಸುಳ್ಳಿಗೂ ಬೇರು ಬಿಡುವುದಕ್ಕೆ ಜಾಗ ಬೇಕಲ್ಲ, ಅದನ್ನೂ ಅವಳೇ ಮಾಡಿಕೊಟ್ಟಳು. ಮಗ ಮೆಲ್ಲಮೆಲ್ಲಗೆ ಚೇತರಿಸಿಕೊಂಡ. ಮತ್ತೆ ಶಾಲೆಯಲ್ಲಿ ಮಕ್ಕಳಿಗೆ ಡ್ರಮ್ ಹೇಳಿಕೊಡಲು ಹೋಗತೊಡಗಿದ. ಶುಕ್ರವಾರವೇ ಪಾಠವಿಟ್ಟುಕೊಂಡಿದ್ದರಿಂದ ಅಂಗಡಿಗೆ ಬರಲಾಗುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡುವುದಿಲ್ಲವೆಂದು ಅವಳು ದೂರುತ್ತಿದ್ದಳು. ಹೇಳುವಾಗ ನಿಜಕ್ಕೂ ಅವನ ಮೇಲೆ ಸಿಟ್ಟು ಬರುತ್ತಿತ್ತು.

"ಹುಡುಗಿ ಗಿಡುಗಿ ನೋಡ್ತಿದೀರೋ ಇಲ್ವೋ? ಆ ಗಲಾಟೆ ತಡ್ಕೊಳ್ಳೋಳೇ ಸಿಗಬೇಕು ಮತ್ತೆ," ಎಂದು ಒಮ್ಮೆ ಗಡ್ಡಪ್ಪ ತಮಾಷೆ ಮಾಡಿದ.

"ಕಿವುಡೀನೇ ಹುಡುಕಬೇಕು," ಎಂದು ಅವಳು ನಕ್ಕಳು. ಆ ದಿನ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವಳು ತಾನಿಳಿಯುವ ಜಾಗವನ್ನೂ ದಾಟಿ ಹೋಗಿಬಿಟ್ಟಿದ್ದಳು.

ಒಂದು ಮಧ್ಯಾಹ್ನ ಪರದೆಗಳನ್ನು ಕೊಟ್ಟು ಮನೆಗೆ ಬಂದರೆ ಮಗನ ಕೋಣೆಯ ಬಾಗಿಲು ಹಾರುಹೊಡೆದಿತ್ತು. ಮೂಲೆ ಖಾಲಿ. ಜಮಖಾನದ ಮೇಲೆ ಡ್ರಮ್ಮಿನ ಕಾಲುಗಳು ಒತ್ತಿದ ಗುರುತು ಮಾತ್ರ ಉಳಿದಿತ್ತು. ಗಂಡ ಹಜಾರದಲ್ಲಿ ತಲೆ ತಗ್ಗಿಸಿ ಕೂತಿದ್ದ.

"ರೀ, ಡ್ರಮ್ಮೆಲ್ಲ ಎಲ್ಲಿ?"

"ಕೊಟ್ಟು ಬಂದೆ ಕಣೇ. ಅದನ್ನ ನೋಡ್ಕೊಂಡು ನನ್ನ ಕೈಲಿ ಇರಕ್ಕಾಗಲ್ಲ. ಡ್ರಮ್ಮಿನ ಚೀಲದ ಮೇಲೆ ಯಾವುದೋ ರೆಕಾರ್ಡು ಅಂಗಡಿ ಚೀಟಿ ಅಂಟಿಸಿತ್ತು. ಕೆಲಸದೋರ ವ್ಯಾನು ಕೇಳಿ ಅಲ್ಲಿಗೆ ತಗೊಂಡು ಹೋದೆ. ಯಾರಾದ್ರೂ ಬಾರಿಸೋರಿಗೆ ಕೊಟ್ಬಿಡಿ ಅಂದೆ."

"ಏನಂತ ಹೇಳಿದ್ರಿ ಅವರಿಗೆ?"

"ಇನ್ನೇನು ಹೇಳ್ಲಿ? ಮಗ ಹೋಗ್ಬಿಟ್ಟ ಅಂದೆ. ಆ ಗಡ್ಡದೋನು ಗರ ಬಡಿದ ಹಾಗೆ ನಿಂತುಬಿಟ್ಟ. ಇಲ್ಲ ಸಾರ್, ಹೋದ ವಾರ ತಾನೇ ಅಂತ ಏನೋ ತೊದಲಿದ. ನನಗೊಂದೂ ಅರ್ಥ ಆಗಲಿಲ್ಲ."

"ಒಂದು ಜಾಗ ಇತ್ತು ರೀ!" ಅವಳ ದನಿ ಅವಳಿಗೇ ಗುರುತು ಸಿಗದಂತಿತ್ತು. "ಇಷ್ಟು ದೊಡ್ಡ ಊರಲ್ಲಿ ಅವನು ಬದುಕಿದ್ದಿದ್ದು ಅದೊಂದೇ ಜಾಗ. ಅಲ್ಲೂ ಹೋಗಿ ಸಾಯಿಸಿ ಬಂದ್ರಲ್ಲ!"

ಅವನು ಕಕ್ಕಾಬಿಕ್ಕಿಯಾಗಿ ನೋಡಿದ. ಅವಳು ಅಳುತ್ತಲೇ ಎಲ್ಲವನ್ನೂ ಹೇಳಿದಳು: ಫೋನು, ರೆಕಾರ್ಡುಗಳು, ಶುಕ್ರವಾರಗಳು, ಹೊತ್ತಿಗೆ ಸರಿಯಾಗಿ ಉಣ್ಣದ ಮಗ. ಇವಳಿಗೆ ತಲೆ ಕೆಟ್ಟಿದೆ ಎನ್ನುತ್ತಾನೆಂದುಕೊಂಡಿದ್ದಳು. ಅವನು ಎದ್ದು ಹೋಗಿ ಆ ಖಾಲಿ ಮೂಲೆಯಲ್ಲಿ, ಜಮಖಾನದ ಗುರುತುಗಳ ಮೇಲೆ ಕೈಯಾಡಿಸುತ್ತ ಕೂತ.

"ನನಗೂ ಹೇಳ್ಬಾರ್ದಿತ್ತೇನೇ?" ಎಂದ ಕೊನೆಗೆ. "ನಾನೂ ಬರ್ತಿದ್ದೆ."

ಆ ವಾರ ಅವಳು ಅಂಗಡಿಗೆ ಹೋಗಲಿಲ್ಲ. ಅದರ ಮುಂದಿನ ವಾರವೂ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗುವುದು? ಆದರೆ ಒಂದು ಬೆಳಿಗ್ಗೆ ಕತ್ತರಿ ಹಿಡಿದವಳು ಬಟ್ಟೆಯನ್ನು ಅಡ್ಡಾದಿಡ್ಡಿ ಕತ್ತರಿಸಿಬಿಟ್ಟು, ಹೀಗೇ ಬಿಟ್ಟರೆ ಆಗದು ಎಂದುಕೊಂಡು ಹೊರಟಳು.

ಗಡ್ಡಪ್ಪ ಎದ್ದು ನಿಂತ. ಡ್ರಮ್ಮುಗಳನ್ನು ಅವನು ಯಾರಿಗೂ ಕೊಟ್ಟಿರಲಿಲ್ಲ; ಕಿಟಕಿಯ ಕೆಳಗೆ ಒರೆಸಿ ಇಟ್ಟಿದ್ದ.

"ತಪ್ಪಾಯ್ತಪ್ಪ," ಎಂದಳು. "ನಿಮ್ಮ ಹತ್ರ ಹೇಳಿದ್ದೆಲ್ಲ ನನ್ನ ಮಾತು. ಅವನದಲ್ಲ."

"ಕೂತ್ಕೊಳ್ಳಿ ಅಮ್ಮ." ಸ್ಟೂಲು ಎಳೆದ. ಮುಖ ಬಾಡಿಹೋಗಿತ್ತು. "ನಿಮ್ಮನ್ನ ಬೈದುಕೊಂಡೆ, ಸುಳ್ಳು ಹೇಳಲ್ಲ. ಅವನನ್ನ ಕೊನೇ ಸಲ ನೋಡಕ್ಕಾಗಲಿಲ್ಲ ಅಂತ. ಆಮೇಲೆ ಅನಿಸ್ತು, ನಿಮ್ಮಿಂದ ನನಗೂ ಅವನು ಇನ್ನೊಂದಿಷ್ಟು ದಿನ ಇದ್ದ. ಏನಾಗಿತ್ತಮ್ಮ ಅವನಿಗೆ?"

ಇಷ್ಟು ದಿನದಲ್ಲಿ ಅದನ್ನು ಅವಳು ಯಾರಿಗೂ ಮೊದಲಿಂದ ಕೊನೆಯವರೆಗೆ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತೇ ಇತ್ತಲ್ಲ. ಈಗ ಹೇಳಿದಳು. ಸಾಮಾನ್ಯ ಜ್ವರವೆಂದು ಕಷಾಯ ಕುಡಿಸಿದ್ದು. ಬೆಳಕು ಕಂಡರೆ ತಲೆ ಸಿಡಿಯುತ್ತದೆ ಎಂದು ಅವನು ಕಣ್ಣಿಗೆ ಟವೆಲ್ ಕಟ್ಟಿಕೊಂಡಿದ್ದು. ಜ್ವರ ಮೆದುಳಿಗೆ ಹತ್ತಿದೆ ಎಂದು ಡಾಕ್ಟರು ಹೇಳಿದ್ದು. ಪ್ರಜ್ಞೆ ತಪ್ಪಿದ ಮೇಲೂ ಅವನ ಬೆರಳು ಆಸ್ಪತ್ರೆ ಮಂಚದ ಕಂಬಿಯ ಮೇಲೆ ಟಕಟಕ ಎನ್ನುತ್ತಲೇ ಇದ್ದದ್ದು. ಹುಷಾರಾಗುತ್ತಿದ್ದಾನೆಂದು ಅವಳು ಖುಷಿಯಿಂದ ನರ್ಸನ್ನು ಕೂಗಿದ್ದು. ಅದು ಹುಷಾರಾಗುವ ಲಕ್ಷಣವಾಗಿರಲಿಲ್ಲ.

ಗಡ್ಡಪ್ಪ ಕಣ್ಣೊರೆಸಿಕೊಳ್ಳಲಿಲ್ಲ; ನೀರು ಗಡ್ಡದೊಳಗೆ ಇಳಿದುಹೋಯಿತು. ಮೆಟ್ಟಿಲ ಮೇಲೆ ಯಾರೋ ಗಿರಾಕಿ ಬಂದ ಸದ್ದಾಯಿತು. ಅವನು ಎದ್ದು ಹೋಗಿ, "ನಾಳೆ ಬನ್ನಿ," ಎಂದು ಕಳಿಸಿ ಬಾಗಿಲು ಮುಂದೆ ಮಾಡಿದ.

"ಇವತ್ತು ಹೊಸದು ಬಂದಿದೆ. ಹಾಕ್ಲಾ?"

"ಇವತ್ತು ಬೇಡ," ಎಂದಳು.

ಡ್ರಮ್ಮುಗಳು ಕೊನೆಗೆ ಮಗ ಪಾಠ ಹೇಳುತ್ತಿದ್ದ ಶಾಲೆಗೆ ಹೋದವು. ಗಂಡ, ಗಡ್ಡಪ್ಪ ಇಬ್ಬರೂ ಸೇರಿ ಹೊತ್ತು ಇಳಿಸಿ ಬಂದರು. ಅದಾದ ಮೇಲಿನ ಶುಕ್ರವಾರ ಗಂಡ ತಾನಾಗಿಯೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವಳ ಜೊತೆ ಹೊರಟ. ಅಂಗಡಿಯ ಸ್ಟೂಲಿನ ಮೇಲೆ ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು, ಡಾಕ್ಟರ ಮುಂದೆ ಕೂತವನಂತೆ ಕೂತು ಹೊಸ ರೆಕಾರ್ಡೊಂದನ್ನು ಕೊನೆಯವರೆಗೂ ಕೇಳಿದ. ತುತ್ತೂರಿಯಂಥದೇನೋ ಒಂದು, ಅದರಡಿಗೆ ನಿಲ್ಲದ ಒಂದು ಗುಂಗು, ಮಧ್ಯೆ ಉದ್ದುದ್ದನೆಯ ಮೌನ.

ಬಸ್ಸಿಗೆ ಕಾಯುತ್ತ ನಿಂತಾಗ ಅವನು ಕೇಳಿದ: "ಇದ್ರಲ್ಲಿ ನಮ್ಮ ಹುಡುಗನಿಗೆ ಅದೇನು ಸಿಕ್ತಿತ್ತೋ, ನಿನಗೇನಾದ್ರೂ ಗೊತ್ತಾಯ್ತೇನೇ?"

"ಇಲ್ಲ ರೀ," ಎಂದಳು. "ನನಗೆ ಸಿಕ್ಕಿದ್ದು ನನಗೆ ಗೊತ್ತು. ಅವನಿಗೆ ಸಿಕ್ಕಿದ್ದು ಇನ್ನು ಯಾರನ್ನ ಕೇಳೋದು?"

ಬಸ್ಸು ತುಂಬಿಕೊಂಡೇ ಬಂತು. ಒಂದೇ ಸೀಟು ಖಾಲಿಯಿತ್ತು. ಅವಳನ್ನು ಕೂರಿಸಿ, ಗಂಡ ಪಕ್ಕದಲ್ಲಿ ಕಂಬಿ ಹಿಡಿದು ನಿಂತ.