ಒಂದೇ ದ್ವೀಪದ ಎರಡು ಮಾತು

ಊಟಕ್ಕೆ ಕೂತಾಗಲೆಲ್ಲ ಸುಬ್ರಾಯ ಚಿಕ್ಕಪ್ಪ ಬಾಳೆಲೆಯ ಮೇಲೆ ಹಪ್ಪಳದ ಚೂರುಗಳನ್ನು ಸಾಲಾಗಿಟ್ಟು ಸಮುದ್ರ ಮಾಡುತ್ತಿದ್ದರು. ಉದ್ದನೆಯ ಚೂರು ಕ್ಯೂಬಾ. ಅದರ ಪೂರ್ವಕ್ಕೆ ಅಗಲವಾದದ್ದು ಡೊಮಿನಿಕನ್ನರ ದ್ವೀಪ, ಅದರಾಚೆ ಪುಟ್ಟದು ಪೋರ್ಟೊರಿಕೊ. ಎಲೆಯ ಕೆಳ ಅಂಚಿನ ಅನ್ನದ ಗುಡ್ಡೆಯೇ ವೆನೆಜುವೆಲಾ, ಕೊಲಂಬಿಯಾ.

"ಎಲ್ಲಿ ಇಳಿದ್ರೂ ಸ್ಪ್ಯಾನಿಷ್ ಒಂದಿದ್ರೆ ಸಾಕು ತಂಗಿ. ಮೀನೂ ಸಿಗ್ತದೆ, ಮರ್ಯಾದೆಯೂ ಸಿಗ್ತದೆ."

"ಜಮೈಕಾ ಎಲ್ಲಿ ಚಿಕ್ಕಪ್ಪ?" ಎಂದು ನಾನು ಕೆಣಕಿದರೆ, "ಅದು ಇಂಗ್ಲಿಷಿನವರದ್ದು, ನಮಗೆ ಬೇಡ," ಎಂದು ಒಂದು ಚೂರನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಸರಕಿನ ಹಡಗಿನಲ್ಲಿ ಅಡುಗೆಯವರಾಗಿ ಆ ಬಂದರುಗಳನ್ನೆಲ್ಲ ಸುತ್ತಿ ಬಂದವರು ಅವರು. ಬಡಾಯಿ ಜಾಸ್ತಿಯೇ ಇತ್ತು, ಆದರೆ ಸ್ಪ್ಯಾನಿಷ್ ನಿಜವಾಗಿ ಬರುತ್ತಿತ್ತು. ನಮ್ಮೂರಿನಲ್ಲಿ ಅದನ್ನು ಪರೀಕ್ಷೆ ಮಾಡುವವರು ಯಾರೂ ಇರಲಿಲ್ಲ ಅನ್ನುವುದೂ ಅಷ್ಟೇ ನಿಜ.

ನಾನಾಗ ಬಂದರಿನ ಆಸ್ಪತ್ರೆಯಲ್ಲಿ ನರ್ಸು. ಒಂದು ದಿನ ಹಡಗಿನವರು ಎತಿಯೆನ್ ಎಂಬ ನಾವಿಕನನ್ನು ಇಳಿಸಿ ಹೋದರು. ಕಾಲಿನ ಗಾಯ ಕೀವಾಗಿ, ಮೈ ಕೆಂಡವಾಗಿತ್ತು. ಇಂಗ್ಲಿಷ್ ಅವನಿಗೆ ಬಾರದು. ಕರೆತಂದವನು "ಡೊಮಿನಿಕನ್ನರ ದ್ವೀಪವೇ ಇವನದ್ದೂ," ಎಂದಷ್ಟೇ ಹೇಳಿದ್ದ. ನನಗೋ ಹೆಮ್ಮೆ. ನಮ್ಮ ಚಿಕ್ಕಪ್ಪ ಇದ್ದಾರೆ ಎಂದು ಡಾಕ್ಟರಿಗೆ ನಾನೇ ಹೇಳಿದೆ.

ಚಿಕ್ಕಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ವಾರ್ಡಿನವರೆಲ್ಲ ಮಂಚದ ಸುತ್ತ ನೆರೆದಿದ್ದರು. ಪೆನ್ಸಿಲಿನ್ ಸೂಜಿ ಒಗ್ಗುತ್ತದೆಯೇ ಎಂದು ಕೇಳಲು ಡಾಕ್ಟರು ಹೇಳಿದರು. ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು ಕೇಳಿದರು. ಎತಿಯೆನ್ ತಲೆ ಎತ್ತಿ, ಗಂಟಲನ್ನು ಮುಟ್ಟಿಕೊಂಡು, ಒಂದೇ ಉಸಿರಿನಲ್ಲಿ ಏನೇನೋ ಹೇಳಿದ.

"ಏನಂತಾನೆ?"

ಚಿಕ್ಕಪ್ಪ ತುಸು ತಡೆದರು. "ಎಲ್ಲ ಒಗ್ಗುತ್ತದಂತೆ. ಗಂಟಲು ಒಣಗಿದೆ, ನೀರು ಬೇಕಂತೆ."

ನೀರು ತಂದುಕೊಟ್ಟವಳು ನಾನೇ. ಅವನು ಲೋಟವನ್ನೂ ನನ್ನನ್ನೂ ನೋಡಿದ ರೀತಿ ಇವತ್ತಿಗೂ ಮರೆತಿಲ್ಲ.

ಸೂಜಿ ಕೊಟ್ಟ ಸ್ವಲ್ಪ ಹೊತ್ತಿಗೆಲ್ಲ ಅವನ ತುಟಿ ಬಾತು, ಉಸಿರು ಸಿಕ್ಕಿಕೊಂಡಿತು. ಡಾಕ್ಟರು ಹರಸಾಹಸ ಮಾಡಿ ಉಳಿಸಿದರು. ಬೆವರು ಒರೆಸಿಕೊಳ್ಳುತ್ತ, "ಎಂಥ ಸುಳ್ಳ ಮಾರಾಯ್ರೆ! ನಾಳೆ ಬನ್ನಿ ಸುಬ್ರಾಯರೇ, ಯಾಕೆ ಸುಳ್ಳು ಹೇಳಿದ ಅಂತ ಇವನನ್ನೇ ಕೇಳುವ," ಎಂದರು. ವಾರ್ಡಿನವರೂ ತಲೆಗೊಂದು ಮಾತು ಸೇರಿಸಿದರು. ಚಿಕ್ಕಪ್ಪ ಗೋಡೆಗೆ ಒರಗಿ ನಿಂತಿದ್ದರು.

ಮರುದಿನ ಊಟಕ್ಕೆ ಕೂತಾಗ ಅವರು ಅಗಲವಾದ ಹಪ್ಪಳದ ಚೂರನ್ನು ಎಲೆಯ ಮೇಲಿಟ್ಟು, ಪಡುವಣ ಬದಿಯನ್ನು ಮುರಿದರು.

"ಈ ಬದಿ ಹೈಟಿ, ನಿನ್ನೆಯವನದ್ದು. ಅವರ ಮಾತೇ ಬೇರೆ. ನಮ್ಮ ಹಡಗು ಅಲ್ಲಿ ನಿಲ್ತಿರ್ಲಿಲ್ಲ. ನಾವು ಇಳಿಯದ ಊರನ್ನ ನಾನು ಊರು ಅಂತಲೇ ಎಣಿಸಿರ್ಲಿಲ್ಲ ತಂಗಿ."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಅವನು ಹೇಳಿದ್ದು ನಿಮಗೆ ತಿಳೀಲೇ ಇಲ್ವಾ?"

"ಒಂದಕ್ಷರವೂ ಇಲ್ಲ. ಎಲ್ಲರೂ ನನ್ನ ಬಾಯನ್ನೇ ನೋಡ್ತಿದ್ರು..." ಅವರು ಅರ್ಧ ಊಟಕ್ಕೇ ಎದ್ದರು. ನಾನೂ ಎದ್ದೆ. ಅವರ ಮುಖ ನೋಡಲು ನನಗೇ ನಾಚಿಕೆಯಾಗುತ್ತಿತ್ತು.

ಸಂಜೆ ಆಸ್ಪತ್ರೆಯಲ್ಲಿ ಎತಿಯೆನ್ ದಿಂಬಿಗೆ ಒರಗಿ ಕೂತಿದ್ದ. "ಕೇಳಿ, ಯಾಕೆ ಸುಳ್ಳು ಹೇಳಿದ್ದು?" ಎಂದರು ಡಾಕ್ಟರು. ಚಿಕ್ಕಪ್ಪ ಏನೋ ಹೇಳಲು ಬಾಯಿ ತೆರೆದರು. ಆಗಲಿಲ್ಲ. ಕೊನೆಗೆ ತಗ್ಗಿದ ದನಿಯಲ್ಲಿ ಆ ಪ್ರಶ್ನೆಯನ್ನೇ ಸ್ಪ್ಯಾನಿಷಿನಲ್ಲಿ ಕೇಳಿದರು.

ಎತಿಯೆನ್ ಅವರನ್ನು ಬಹಳ ಹೊತ್ತು ನೋಡಿದ. ಆಮೇಲೆ ಒಂದೊಂದೇ ಪದ ಹುಡುಕಿ ಹುಡುಕಿ ಮಾತಾಡಿದ. ಈ ಸಲ ಅವನು ಆಡಿದ್ದು ಸ್ಪ್ಯಾನಿಷ್ ಎಂದು ಚಿಕ್ಕಪ್ಪನ ಮುಖ ನೋಡಿಯೇ ನನಗೆ ಗೊತ್ತಾಯಿತು.

"ಏನಂತೆ?"

ತಪ್ಪಾಯಿತು ಅಂತಾನೆ ಎಂದು ಚಿಕ್ಕಪ್ಪ ಸುಳ್ಳೇ ಹೇಳಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಾಗೆ ಹೇಳಿಬಿಡಲಿ ಎಂದು ಒಂದು ಕ್ಷಣ ನನಗೂ ಅನ್ನಿಸಿತು.

ಚಿಕ್ಕಪ್ಪ ಒಂದೂ ಮಾತು ಬಿಡದೆ ಹೇಳಿದರು. "ಗಡಿಯಾಚೆ ಡೊಮಿನಿಕನ್ನರ ಬದಿಗೆ ಕಬ್ಬು ಕಡಿಯೋಕೆ ಹೋಗಿ ಸ್ಪ್ಯಾನಿಷ್ ಅಷ್ಟಿಷ್ಟು ಕಲಿತಿದ್ನಂತೆ. ನಿನ್ನೆಯ ಪ್ರಶ್ನೆ ಅರ್ಥ ಆಗಿತ್ತಂತೆ. ಸೂಜಿ ಬೇಡ, ಗಂಟಲು ಕಟ್ತದೆ ಅಂತ ಹೇಳಿದ್ನಂತೆ. ಜ್ವರದಲ್ಲಿ ಬಾಯಿಗೆ ಬಂದದ್ದು ಅಮ್ಮನ ಮಾತಂತೆ. ತಿಳೀದಿದ್ರೆ ಇನ್ನೊಂದು ಸಲ ಕೇಳಬಹುದಿತ್ತಲ್ಲ, ಅಂತಾನೆ."

"ಯಾರಿಗೆ ಹೇಳೋದು ಅವನು?"

"ನನಗೆ."

ಕನ್ನಡ ತಿಳಿಯದ ಎತಿಯೆನ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಆಮೇಲೆ ಪಟ್ಟಿ ಕಟ್ಟಿದ ಕಾಲನ್ನು ಕಷ್ಟಪಟ್ಟು ಸರಿಸಿ, ಚಿಕ್ಕಪ್ಪನಿಗೆ ಕೂರಲು ಮಂಚದ ಅಂಚಿನಲ್ಲಿ ಜಾಗ ಮಾಡಿದ. ಚಿಕ್ಕಪ್ಪ ಕೂರಲಿಲ್ಲ. ವಾರ್ಡಿನವರೆಲ್ಲ ನೋಡುತ್ತಿದ್ದಂತೆ, ಕೈಕಟ್ಟಿಕೊಂಡು ನಿಂತೇ ಇದ್ದರು.