ಯಾರದೂ ಅಲ್ಲದ ಆಳ

ನೋಲ್ಬೆರ್ತೊ ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದ. ಒಳಗೆ ಉಪ್ಪುನೀರಿತ್ತು, ಅರ್ಧ ಕರಗಿದ ಐಸಿನ ಬಾಟಲಿಗಳಿದ್ದವು. ಏಡಿಗಳಿರಲಿಲ್ಲ.

ಕಣ್ಣಿಗೆ ಕಂಡದ್ದು ನಂಬಿಕೆಯಾಗದೆ ಮೊಣಕೈವರೆಗೆ ಕೈಬಿಟ್ಟು ತಳವನ್ನೆಲ್ಲ ತಡಕಿದ. ಒಂದು ಮುರಿದ ಕಾಲು ಸಿಕ್ಕಿತು, ಅಷ್ಟೆ.

"ನಿಲ್ಡಾ! ಏಡಿ ಎಲ್ಲೇ?"

ಅವನ ಹೆಂಡತಿ ಅಡುಗೆಮನೆಯ ಕಿಟಕಿಯಿಂದ ತಲೆ ಹೊರಹಾಕಿದಳು. ಕೈಗೆಲ್ಲ ರೊಟ್ಟಿಯ ಹಿಟ್ಟು. "ಅಪ್ಪ ತಗೊಂಡೋದ್ರು, ನಿನ್ನೆ ಸಾಯಂಕಾಲ. ನೀನು ಬೂಟು ಕೂಡ ಬಿಚ್ಚದೆ ಬಿದ್ಕೊಂಡಿದ್ದೆ."

"ತಗೊಂಡೋದ್ರು ಅಂದ್ರೆ? ಎಲ್ಲಿಗೆ?"

ಅವಳು ಗದ್ದದಿಂದಲೇ ಕೊಲ್ಲಿಯ ಕಡೆ ತೋರಿಸಿದಳು. ಅಷ್ಟು ಹೊತ್ತಿಗೆ ನೋಲ್ಬೆರ್ತೊ ಇಳಿಜಾರಿನಲ್ಲಿ ಓಡುತ್ತಿದ್ದ.

ಕೊಲ್ಲಿಯ ನೀರಲ್ಲಿ ಪ್ರತಿ ಮನೆತನದ್ದೂ ಒಂದೊಂದು ಮರದ ಪೆಟ್ಟಿಗೆ ತೇಲುತ್ತಿತ್ತು. ಹಲಗೆಗಳ ನಡುವೆ ಸಂದು ಬಿಟ್ಟು ಬಡಿದ ಪೆಟ್ಟಿಗೆ. ಹಿಡಿದ ಲಾಬ್‌ಸ್ಟರುಗಳನ್ನು ಹಡಗು ಬರುವ ತನಕ ಅದರೊಳಗೆ ಬಿಟ್ಟಿರುತ್ತಾರೆ. ಸಮುದ್ರದಲ್ಲೇ ಇರುವುದರಿಂದ ಅವು ವಾರಗಟ್ಟಲೆ ಬದುಕುತ್ತವೆ. ಜೀವಂತ ಹಿಡಿದದ್ದನ್ನು ಪೆಟ್ಟಿಗೆಗೆ ಬಿಡಬೇಕು, ಈ ದ್ವೀಪದಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. ಮಾವ ಬೆಲಾರ್ಮಿನೊ ಅರವತ್ತು ವರ್ಷದಿಂದ ಮಾಡಿಕೊಂಡು ಬಂದದ್ದೂ ಅದೇ.

ಮಾವ ಹಡಗುಕಟ್ಟೆಯ ತುದಿಯಲ್ಲಿ ಬಲೆಯ ಹಗ್ಗ ಹೊಸೆಯುತ್ತ ಕೂತಿದ್ದ. ಅಳಿಯ ಓಡಿ ಬಂದದ್ದು ನೋಡಿ ನಕ್ಕ. "ಎದ್ದೆಯಾ ಕೋಂತಿ? ನಿನ್ನ ಏಡಿಗಳನ್ನ ನಾನು ಉಳಿಸ್ದೆ ಕಣೋ."

ಖಂಡದ ನೆಲದಿಂದ ಬಂದವರನ್ನು ಅಲ್ಲಿ ಕೋಂತಿ ಅನ್ನುತ್ತಿದ್ದರು. ನೋಲ್ಬೆರ್ತೊ ಮದುವೆಯಾಗಿ ಬಂದು ಹನ್ನೊಂದು ವರ್ಷವಾಗಿದ್ದರೂ ಆ ಹೆಸರು ಹೋಗಿರಲಿಲ್ಲ.

ಅವನು ಪುಟ್ಟ ದೋಣಿಗೆ ಹಾರಿ ಹುಟ್ಟು ಹಾಕಿಕೊಂಡು ಹೋಗಿ ಮಾವನ ತೇಲುವ ಪೆಟ್ಟಿಗೆಯ ಬಾಗಿಲು ಎತ್ತಿದ. ಹೊಂಬಣ್ಣದ ಏಡಿಗಳು ಒಂದರ ಮೇಲೊಂದು ಬಿದ್ದಿದ್ದವು. ಉದ್ದನೆಯ ಕಾಲುಗಳು ನೆನೆದ ಹಗ್ಗದಂತೆ ಜೋತಿದ್ದವು. ಒಂದನ್ನು ಎತ್ತಿದರೆ ಕಾಲುಗಳು ಹಾಗೇ ತೂಗಾಡಿದವು. ಇನ್ನೊಂದನ್ನು ಎತ್ತಿದ. ಅದರ ಬಾಯಿಯ ಹತ್ತಿರದ ಸಣ್ಣ ಎಳೆಗಳು ಅಲುಗುತ್ತಿದ್ದವು, ತೀರ ನಿಧಾನವಾಗಿ.

ಕೊಲ್ಲಿಯ ನಡುವೆ ಖಂಡದ ವಾಲ್ಪರೈಸೊ ಬಂದರಿಗೆ ಹೋಗುವ ಹಡಗು ಲಂಗರು ಹಾಕಿ ನಿಂತಿತ್ತು. ಮಧ್ಯಾಹ್ನ ಹೊರಡುವುದಿತ್ತು.

ದ್ವೀಪದ ಸುತ್ತ ಲಾಬ್‌ಸ್ಟರು ಸಿಗುವ ಜಾಗವೆಲ್ಲ ಯಾರದಾದರೂ ಮನೆತನದ್ದು. ಬೇಲಿಯಿಲ್ಲ, ಕಲ್ಲು ನೆಟ್ಟಿಲ್ಲ. ದೋಣಿಯಲ್ಲಿ ನಿಂತು ದಡದ ಒಂದು ಬಂಡೆಯನ್ನು ಅದರ ಹಿಂದಿನ ಶಿಖರಕ್ಕೆ ಕೂಡಿಸಿ ನೋಡಬೇಕು. ಇನ್ನೊಂದು ಪಕ್ಕದಲ್ಲಿ ಇನ್ನೆರಡು. ಆ ಎರಡು ಗೆರೆ ಕೂಡುವಲ್ಲಿ ಒಬ್ಬನ ಗುರುತು, ಅವನು ಬುಟ್ಟಿ ಬಿಡುವ ಜಾಗ. ಅದು ಅಪ್ಪನಿಂದ ಮಗನಿಗೆ ಹೋಗುತ್ತದೆ, ಅಳಿಯನಿಗಲ್ಲ. ಮಾವನ ಗುರುತುಗಳೆಲ್ಲ ಅವನ ಇಬ್ಬರು ಗಂಡುಮಕ್ಕಳಿಗೆ ಹೋಗಿದ್ದವು. ನೋಲ್ಬೆರ್ತೊ ಇಷ್ಟು ವರ್ಷವೂ ಮಂದಿಯ ದೋಣಿಯಲ್ಲಿ ಆಳು.

ಯಾರದೂ ಅಲ್ಲದ್ದು ಆಳ ಮಾತ್ರ. ಐನೂರು ಮೀಟರು ಹಗ್ಗ ಬಿಟ್ಟರೆ ತಳ ಮುಟ್ಟುವ ಪೂರ್ವದ ಇಳಿಜಾರು. ಅಲ್ಲಿ ಈ ಏಡಿ ಇದೆ. ಮೀನುಗಾರರ ಸಂಘದ ಅಧ್ಯಕ್ಷ ಗ್ರಿಮಾಲ್ದೊ ಎಲ್ಲರೆದುರು ಹೇಳಿದ್ದ: "ಜೀವ ಇರೋ ಏಡೀನ ಹಡಗು ಹತ್ತಿಸಿ ತೋರ್ಸು. ಆ ಇಳಿಜಾರು ನಿಂದು ಅಂತ ಮೊದಲು ಕೈ ಎತ್ತೋನು ನಾನೇ. ಆಗಲಿಲ್ವಾ, ನನ್ನ ಅಣ್ಣನ ಮಕ್ಕಳು ಕಾಯ್ತಿದಾರೆ." ಮುಂದಿನ ಹಡಗಿನ ತನಕ ಗ್ರಿಮಾಲ್ದೊ ಕಾಯುವವನಲ್ಲ.

ನೋಲ್ಬೆರ್ತೊ ಪೆಟ್ಟಿಗೆಯನ್ನು ತಾನು ಬಾಡಿಗೆಗೆ ತಂದಿದ್ದ ಮೋಟಾರು ದೋಣಿಯ ಪಕ್ಕಕ್ಕೆ ಎಳೆದು ತಂದ. ಲಂಗರಿನ ಸರಪಳಿ ಬಿಚ್ಚಿ ಅದರ ಸುತ್ತ ಬಿಗಿಯತೊಡಗಿದ. ಒದ್ದೆ ಹಲಗೆಯ ಮೇಲೆ ಸರಪಳಿ ಜಾರುತ್ತಿತ್ತು. ಬಿಚ್ಚಿ ಮತ್ತೆ ಹಾಕಿದ.

"ಏನು ಮಾಡ್ತಿದೀಯೋ?" ಮಾವ ಕಟ್ಟೆಯ ಮೇಲಿಂದ ಕೂಗಿದ.

"ವಾಪಸ್ ಕಳಿಸ್ತಿದೀನಿ. ತಣ್ಣಗಿರೋ ಕಡೆಗೆ. ಹಡಗು ಹೊರಡೋದ್ರೊಳಗೆ ಎಷ್ಟು ಬದುಕ್ತವೋ ಅಷ್ಟನ್ನ ಎತ್ತಿ ತರ್ತೀನಿ."

ಮುದುಕ ಹಗ್ಗ ಕೆಳಗಿಟ್ಟ. ಯಾರೂ ಕರೆಯದಿದ್ದರೂ ಏಣಿಯಿಳಿದು ದೋಣಿಯೊಳಗೆ ಕಾಲಿಟ್ಟ. ನೋಲ್ಬೆರ್ತೊ ಮೋಟಾರು ಹತ್ತಿಸಿದ.

ದೋಣಿ ಕೊಲ್ಲಿಯ ಬಾಯಿ ದಾಟಿತು. ಆಮೇಲೆ ಮಾವ ಮಾತು ತೆಗೆದ. "ನಿನ್ನ ಐಸ್ ಪೆಟ್ಟಿಗೆ ನೀರಿಗೆ ಕೈ ಹಾಕಿ ನೋಡ್ದೆ ಕಣೋ. ಮೂಳೆ ಕೊರೀತಿತ್ತು. ಪಾಪ, ಸೆಟೆದುಕೊಂಡು ಸಾಯ್ತವೆ ಅನ್ನಿಸ್ತು."

"ಅವು ಹುಟ್ಟಿದ್ದೇ ಅಂಥ ನೀರಲ್ಲಿ ಮಾವ."

"ಹೇಳಬೇಕಿತ್ತು."

"ಕೇಳಬೇಕಿತ್ತು!"

ಕೂಗಿದ ಮೇಲೆ ಅವನಿಗೆ ಏಡಿ ಹಿಡಿಯಲು ಆಳಕ್ಕೆ ಬಿಟ್ಟಿದ್ದ ತನ್ನ ಮೊದಲ ಬುಟ್ಟಿಯ ನೆನಪಾಯಿತು. ಅದೇ ಬುಟ್ಟಿಯಲ್ಲಿ ಬಂದ ಮೀನಿನ ಕಣ್ಣುಗುಡ್ಡೆ ಹೊರಬಂದಿತ್ತು, ಹೊಟ್ಟೆ ಉಬ್ಬಿ ಬಾಯಿಗೆ ಬಂದಿತ್ತು. ಅಷ್ಟು ನೀರಿನ ಭಾರದಿಂದ ಒಮ್ಮೆಗೇ ಬಿಡಿಸಿಕೊಂಡರೆ ಏಡಿಯೂ ಒಡೆದಿರುತ್ತದೆ ಎಂದುಕೊಂಡಿದ್ದ. ಏಡಿಗಳಿಗೆ ಏನೂ ಆಗಿರಲಿಲ್ಲ. ಅವುಗಳ ಮೈಯೊಳಗೆ ಉಬ್ಬಲು ಗಾಳಿಯೇ ಇಲ್ಲ. ಒಳಗೂ ನೀರು, ಹೊರಗೂ ನೀರು. ತಿಂಗಳುಗಟ್ಟಲೆ ಹಸಿದಿರಬಲ್ಲ ನಿಧಾನದ ಜೀವ ಅದು, ಇಕ್ಕಳದಂಥ ಕೊಂಡಿ ಎತ್ತುವುದಕ್ಕೂ ಯೋಚನೆ ಮಾಡಿದ ಹಾಗೆ ಎತ್ತುತ್ತದೆ. ಅದು ತಡೆಯಲಾರದ್ದು ಮೇಲಿನ ನೀರಿನ ಬಿಸಿ ಮಾತ್ರ. ಆ ಮೊದಲ ಬುಟ್ಟಿಯ ಏಡಿಗಳನ್ನು ನೋಲ್ಬೆರ್ತೊ ಕೂಡ ತೇಲುವ ಪೆಟ್ಟಿಗೆಗೇ ಬಿಟ್ಟಿದ್ದ. ಅವು ಸತ್ತದ್ದನ್ನು ಯಾರಿಗೂ ಹೇಳಿರಲಿಲ್ಲ. ಕೋಂತಿ ಎಂದು ನಗುತ್ತಾರೆಂದು.

ಪೂರ್ವದ ಇಳಿಜಾರಿನ ಮೇಲೆ ಬಂದು ಮೋಟಾರು ನಿಲ್ಲಿಸಿದ. ಸರಪಳಿಯ ಭಾರಕ್ಕೆ ಪೆಟ್ಟಿಗೆ ಮಗ್ಗುಲಾಗಿ, ಗುಳ್ಳೆ ಬಿಟ್ಟು, ಹಸಿರು ನೀರಿನೊಳಗೆ ಕಪ್ಪಾಗಿ ಇಳಿಯಿತು. ಹಗ್ಗ ಸರಸರ ಹೋಯಿತು.

ಕಾಯುವುದು ಅವನಿಂದಾಗಲಿಲ್ಲ. ನೀರು ಮೊಗೆದು ಚೆಲ್ಲಿದ. ಹಗ್ಗ ಸುತ್ತುವ ರಾಟೆಗೆ ಎಣ್ಣೆ ಬಿಟ್ಟ. ಕತ್ತೆತ್ತಿ ಕೊಲ್ಲಿಯ ಕಡೆ ನೋಡಿದ. ದೋಣಿಯ ರೇಡಿಯೋ ಗೊರಗುಟ್ಟಿತು, ಗ್ರಿಮಾಲ್ದೊನ ದನಿ.

"ಏನಯ್ಯಾ ಕೋಂತಿ, ಏಡಿಗೆ ಸ್ನಾನ ಮಾಡಿಸ್ತಿದೀಯಂತೆ? ಸೋಪು ಇದೆಯಾ, ಕಳಿಸ್ಲಾ?" ಹಿಂದೆ ಹಲವರು ನಕ್ಕದ್ದು ಕೇಳಿಸಿತು. "ಹಡಗಿನವರು ಹೊರಟರು ನೋಡು. ಅಲೆ ಏಳುತ್ತಂತೆ, ಬೇಗ ಹೋಗ್ತಾರೆ."

ನೋಲ್ಬೆರ್ತೊ ರಾಟೆಯ ಮೋಟಾರಿನ ದಾರ ಎಳೆದ. ಹತ್ತಲಿಲ್ಲ. ಮತ್ತೆ ಎಳೆದ. ಹತ್ತಿತು. ಹಗ್ಗ ತೊಟ್ಟಿಕ್ಕುತ್ತ ಮೇಲೆ ಬರತೊಡಗಿತು. ಐನೂರು ಮೀಟರು ಅವನ ಅವಸರಕ್ಕೆ ಕರಗುವಂಥದ್ದಲ್ಲ.

ಹಡಗಿನ ಸೀಟಿ ಎರಡು ಸಲ ಕೇಳಿದಾಗ ಅರ್ಧ ಹಗ್ಗವೂ ಬಂದಿರಲಿಲ್ಲ. ಬಿಳಿ ಹಡಗು ಕೊಲ್ಲಿಯ ಬಾಯಿ ದಾಟಿ, ಮೂತಿ ತಿರುಗಿಸಿ, ಖಂಡದ ಕಡೆ ಹೊರಟಿತು. ಅವನು ಅದನ್ನು ನೋಡುತ್ತಲೇ ಇದ್ದ. ಕೈ ಹಗ್ಗ ಸುತ್ತುತ್ತಲೇ ಇತ್ತು.

ಪೆಟ್ಟಿಗೆ ಬಂತು. ಬಹಳಷ್ಟು ಸತ್ತಿದ್ದವು. ಮೇಲಿದ್ದವನ್ನು ಸರಿಸಿದಾಗ ತಳದಲ್ಲಿ ಮೂರು ಏಡಿ ಕಾಲೂರಿ ನಿಂತಿದ್ದವು. ಒಂದು ಕೊಂಡಿ ಎತ್ತಿ, ನಿಧಾನವಾಗಿ ತೆರೆದು, ಅವನ ಕೈಗವಸಿನ ಬೆರಳು ಹಿಡಿಯಿತು. ಅವನು ಬಿಡಿಸಿಕೊಳ್ಳಲಿಲ್ಲ. ಹತ್ತಿಸಲು ಹಡಗು ಇರಲಿಲ್ಲ.

"ಮುಗೀತು ಮಾವ. ಹೋಗೋಣ."

ಮಾವ ಮುಂದಕ್ಕೆ ಬಗ್ಗಿದ. ಸುರುಳಿಯ ಮೇಲಿನ ಒದ್ದೆ ಹಗ್ಗದ ಮೇಲೆ ಅಂಗೈ ಇಟ್ಟ, ಸರ್ರನೆ ತೆಗೆದ, ಮತ್ತೆ ಇಟ್ಟ. "ಅಯ್ಯಪ್ಪಾ," ಅಂದ ಮೆಲ್ಲಗೆ. "ಕೆಳಗೆ ಇಷ್ಟು ಚಳೀನಾ?"

ನೋಲ್ಬೆರ್ತೊ ಬಕೆಟಿಗೆ ದೋಣಿಯ ಡಬ್ಬಿಯಲ್ಲಿದ್ದ ಐಸ್ ಬಾಟಲಿ ಹಾಕಿ ಏಡಿಗಳನ್ನು ಇಳಿಸಿ ಒದ್ದೆ ಗೋಣಿ ಮುಚ್ಚಿದ. ದೋಣಿ ತಿರುಗಿಸಲು ಎದ್ದ.

"ಅಲುಗಾಡಿಸ್ಬೇಡ," ಮಾವ ಗದರಿದ. "ಇಲ್ಲೇ ಇರು ಒಂಚೂರು. ಗುರುತು ತಗೋಬೇಕು."

ಮುದುಕ ಎದ್ದು, ಕಾಲಗಲಿಸಿ ನಿಂತು, ದಡದ ಕಡೆ ತಿರುಗಿದ. ಒಂದು ಕಣ್ಣು ಮುಚ್ಚಿದ. ನೀರಿಗೆ ಚಾಚಿಕೊಂಡ ಕರಿಬಂಡೆಯನ್ನೂ ಅದರ ಹಿಂದಿನ ಮೊನಚು ಶಿಖರವನ್ನೂ ನೋಡಿದ. ತಲೆಯನ್ನು ಒಂದಿಷ್ಟು ಎಡಕ್ಕೆ ಸರಿಸಿದ. ಆಮೇಲೆ ದಕ್ಷಿಣಕ್ಕೆ ತಿರುಗಿ ಇನ್ನೊಂದು ಬಂಡೆಯನ್ನು ಹುಡುಕತೊಡಗಿದ. ಅವನ ತುಟಿ ಅಲುಗುತ್ತಿತ್ತು.